ಆಪರೇಶನ್ ಯಾರಿಗೆ?

ಹುಲುಗೇಶ: ಲೇ, ಸೀರಿ ಬದಲಿ ಮಾಡಿ ಹೊಂಡು ಅಂದ್ರ ನನ್ನ ಮುಂದ ಕೈ ಕಟ್ಟಿಕೊಂಡು ನಿಂತೀಯಲ್ಲ! ಬಸ್ಸು ಹೋತಂದ್ರ ಕ್ಯಾಂಪೂ ಹೋತು.

ಹೊಳೆಮ್ಮ: ಬಸ್ಸು ಹೋಗಲಿ ಬಿಡ್ರಿ. ನಿಮ್ಮ ಟಿಪ್ಪರ್ ಐತಲ್ಲ. ಹೆಂಗೂ ನೀವೂ ಬರಬೇಕಲ್ಲ.

ಹುಲುಗೇಶ: ನಾನ್ಯಾಕ ಬರಬೇಕು?

ಹೊಳೆಮ್ಮ: ಆಪರೇಶನ್ ಆಗೋರೇ ಬರದಿದ್ರ ಡಾಕ್ಟ್ರು ಯಾರಿಗೆ ಮಾಡ್ತಾರ?

ಸಂಡೂರಿನ ಗುಡ್ಡಗಳು ಕಬ್ಬಿಣದ ಅದಿರಾಗಿ ಲಾರಿ ಹತ್ತಿ ಬಂದರಿನ ಕಡೆ ಹೊರಟುಹೋಗುತ್ತಿದ್ದ ಕಾಲ ಅದು. ನಿನ್ನೆಮೊನ್ನೆಯವರೆಗೆ ಕಂಡವರ ಲಾರಿ ಓಡಿಸುತ್ತಿದ್ದ ಬಂಡ್ರಿಯ ಹುಲುಗೇಶ ಈಗ ಸ್ವಂತ ಟಿಪ್ಪರಿನ ಮಾಲೀಕ. ಅದು ಮನೆಯ ಮುಂದೆ ಮನೆಗಿಂತ ಎತ್ತರಕ್ಕೆ ನಿಂತಿರುತ್ತದೆ. ಮನೆಯೊಳಗೆ ಮೂರು ಮಕ್ಕಳು. ಮೂರನೆಯದು ಇನ್ನೂ ಸೀರೆಯ ಜೋಳಿಗೆಯಲ್ಲಿದೆ. ಇನ್ನು ಮಕ್ಕಳು ಸಾಕು ಎಂಬುದರಲ್ಲಿ ಗಂಡಹೆಂಡಿರಿಗೆ ಜಗಳವಿಲ್ಲ. ಇವತ್ತು ಸಂಡೂರಿನ ಕುಟುಂಬಯೋಜನೆ ಕ್ಯಾಂಪಿನಲ್ಲಿ ಮೇಜಿನ ಮೇಲೆ ಯಾರು ಮಲಗಬೇಕು ಎಂಬುದೊಂದೇ ತಕರಾರು.

ಹುಲುಗೇಶ: ಊರಾಗ ಎಲ್ಲಾ ಹೆಂಗಸ್ರೂ ಮಾಡಿಸ್ಕೊಂಡಾರ. ನಿಂದೇನು ವಿಶೇಷ?

ಹೊಳೆಮ್ಮ: ನನಗ ರಕ್ತ ಇಲ್ಲಂತ. ನರ್ಸಮ್ಮ ನಿನ್ನೆ ಕಣ್ಣು ಬಿಡಿಸಿ ನೋಡಿ ಎದಿ ಮ್ಯಾಲ ಕೈ ಇಟ್ಕೊಂಡಳು. 'ಈಗ ನಿನಗ ಹೊಟ್ಟಿ ಕೊಯ್ಯಾಂಗಿಲ್ಲ, ಮೈಯಾಗ ಕಬ್ಬಿಣ ಇಲ್ಲ' ಅಂದ್ಳು.

ಹುಲುಗೇಶ: ಕಬ್ಬಿಣದ ಗುಳಿಗಿ ನುಂಗು.

ಹೊಳೆಮ್ಮ: ಕಿಟಕಿ ತಗದ್ರ ಅನ್ನದ ಮ್ಯಾಲೂ ಕಬ್ಬಿಣದ ಧೂಳು ಕುಂದ್ರತೈತಿ. ನೀವು ಟ್ರಿಪ್ಪಿನ ಮ್ಯಾಲ ಟ್ರಿಪ್ಪು ಹೊಡದು ಚೀನಾದೋರಿಗೆ ಕಬ್ಬಿಣ ಕಳಸ್ತೀರಿ. ನಿಮ್ಮ ಹೆಂಡ್ತಿ ಮೈಯಾಗ ಮಾತ್ರ ಸ್ಟಾಕ್ ಇಲ್ಲ ನೋಡ್ರಿ.

ಹುಲುಗೇಶ: ಮಾತಿಗೇನು ಕಡಿಮಿ ಇಲ್ಲ.

ಹೊಳೆಮ್ಮ: ಗಂಡಸ್ರಿಗೆ ಭಾಳ ಸಣ್ಣ ಕೆಲಸ ಅಂತ್ರಿ. ಕೊಯ್ಯಂಗಿಲ್ಲ, ಹೊಲಿಯಂಗಿಲ್ಲ. ಮುಂಜಾನಿ ಹೋದ್ರ ಮಧ್ಯಾಹ್ನ ಊಟಕ್ಕ ಮನಿಗೆ ಬರಬೋದು.

ಹುಲುಗೇಶನ ಎರಡು ಕೈಗಳೂ ತಾವಾಗಿಯೇ ಲುಂಗಿಯ ಮುಂಭಾಗಕ್ಕೆ ಬಂದು ಕಾವಲು ನಿಂತವು.

ಹುಲುಗೇಶ: ಗಂಡಸಿಗೆ ಕತ್ತರಿ ಹಾಕೋದಂದ್ರ ಏನಂತ ತಿಳದಿ? ಹೋರಿಗೆ ಬೀಜ ಒಡಿಸಿದಂಗ! ಆಮ್ಯಾಲ ಅದು ಹೋರಿ ಅಲ್ಲ, ಬರೇ ಎತ್ತು.

ಹೊಳೆಮ್ಮ: ಬೀಜಕ್ಕ ಕೈನೂ ಹಚ್ಚಂಗಿಲ್ಲಂತ, ಒಂದು ನರ ಕಟ್ತಾರಂತ. ಆದ್ರೂ ಕೇಳ್ತೀನಿ, ಗಳೆ ಹೊಡಿಯೋದು ಯಾವ್ದು? ಎತ್ತು. ಗಾಡಿ ಎಳಿಯೋದು? ಎತ್ತು. ಹೋರಿ ಏನು ಮಾಡತೈತಿ? ಊರ ತುಂಬ ತಿರುಗತೈತಿ, ಮಂದಿ ಬಣವಿ ಮೇಯತೈತಿ.

ಹುಲುಗೇಶ: ನನಗ ಟಿಪ್ಪರ್ ಹೊಡಿಯಾಕ ಶಕ್ತಿ ಬೇಕಲ್ಲ! ಆಪರೇಶನ್ ಆದ ಮ್ಯಾಲ ಗೇರ್ ಬೀಳಂಗಿಲ್ಲ ಅಂತ ಡ್ರೈವರ್ಸ್ ಎಲ್ಲಾ ಮಾತಾಡ್ತಾರ.

ಹೊಳೆಮ್ಮ: ಇಷ್ಟು ದಿನ ಗೇರ್ ಕೈಲೆ ಹಾಕ್ತೀರಿ ಅನ್ಕೊಂಡಿದ್ದೆ.

ಜೋಳಿಗೆಯ ಕೂಸು ಎಚ್ಚರಾಯಿತು. ಅದನ್ನು ತೂಗುವ ನೆಪದಲ್ಲಿ ಹುಲುಗೇಶ ಮುಖ ತಿರುಗಿಸಿಕೊಂಡ. ಎದುರುತ್ತರ ಸಿಗದಿದ್ದಾಗ ಗಂಡಸರು ಚರಿತ್ರೆಗೆ ಹೋಗುತ್ತಾರೆ. ಅವನೂ ಹೋದ.

ಹುಲುಗೇಶ: ಹಂಪಿಗೆ ಹೋದಾಗ ಗೈಡ್ ಹೇಳಿದ್ದು ಕೇಳಿಲ್ಲೇನು? ರಾಜ ನಸುಕಿನಾಗ ಎದ್ದು ಎಣ್ಣಿ ಕುಡದು ಸಾಮು ತಗೀತಿದ್ದ. ಒಬ್ರಲ್ಲ ಇಬ್ರಲ್ಲ, ಎಷ್ಟು ಮಂದಿ ರಾಣ್ಯಾರು! ಗಂಡಸ್ತನಕ್ಕ ಒಂದು ಚರಿತ್ರಿ ಐತಿ.

ಹೊಳೆಮ್ಮ: ಅಷ್ಟು ಮಂದಿಯೊಳಗ ಒಬ್ಬಾಕಿ ಹೆಸರು ಹೇಳ್ರಿ ನೋಡೋಣ.

ಹುಲುಗೇಶ: ಅದು... ದೊಡ್ಡ ರಾಣಿ. ಆಮ್ಯಾಲ... ಸಣ್ಣ ರಾಣಿ.

ಹೊಳೆಮ್ಮ: ನಡುವಿನೋರೆಲ್ಲಾ ಬರೇ ಮಂದಿ! ರಾಣಿ ಸ್ನಾನದ ಮನಿ ನೋಡಿದ್ವಲ್ಲ, ರಾಜ ಮ್ಯಾಲ ಕುಂತು ನೋಡ್ತಿದ್ದ ಅಂತ ಅದೇ ಗೈಡ್ ಹೇಳ್ದ. ಜಳಕ ಮಾಡಿದೋರು ಅವ್ರು, ನೋಡಿದಾಂವ ರಾಜ, ಚರಿತ್ರಿ ಬರದಾಂವ ನೋಡಿದಾಂವನ ಕಡಿಯಾಂವ. ಕೆಳಗ ನೀರಾಗ ನಿಂತೋರನ್ನ ಕೇಳಿದ್ರ ಬ್ಯಾರೇ ಹೇಳ್ತಿದ್ರು.

ಹುಲುಗೇಶ: ಏನಂತ?

ಹೊಳೆಮ್ಮ: 'ಈ ಮನಷ್ಯಾ ಯಾವಾಗ ಎದ್ದು ಹೋಗ್ತಾನವ್ವ, ನೀರು ತಣ್ಣಗಾಗಾಕತ್ತೈತಿ' ಅಂತ.

ಹುಲುಗೇಶನಿಗೆ ನಗು ಬಂತು. ನಕ್ಕರೆ ಸೋತಂತೆ ಎಂದು ಮೀಸೆ ಕಚ್ಚಿಕೊಂಡ. ಹೊಳೆಮ್ಮ ಮಾತ್ರ ಈ ಸಲ ನಗಲಿಲ್ಲ.

ಹೊಳೆಮ್ಮ: ಬಸುರಾಗದಂಗ ಗುಳಿಗಿ ನುಂಗಿ ವಾಂತಿ ಮಾಡಿಕೊಂಡಾಕಿ ನಾನು. ಒಳಗ ತಾಮ್ರದ ತಂತಿ ಹಾಕಿಸ್ಕೊಂಡು ರಕ್ತ ಹರಿಸ್ಕೊಂಡಾಕಿ ನಾನು. ಮೂರನೇದು ಹೆರುವಾಗ ನಾನು ಉಳಿದದ್ದೇ ಹೆಚ್ಚು, ನೀವೇ ದವಾಖಾನಿ ಬಾಗಿಲಾಗ ಅಳಾಕತ್ತಿದ್ರಿ. ನಗಚಾಟಿ ಬಿಟ್ಟು ಹೇಳ್ತೀನ್ರಿ, ನನಗ ಹೆದರಿಕಿ ಆಗತೈತಿ.

ಹುಲುಗೇಶ ಕಲ್ಲುಮನುಷ್ಯನಲ್ಲ. ಬಾಗಿಲಲ್ಲಿ ಅತ್ತದ್ದು ಅವನಿಗೂ ನೆನಪಿತ್ತು. 'ಆಯ್ತು' ಎನ್ನಲು ಬಾಯಿ ತೆರೆದನೋ ಏನೋ, ಅಷ್ಟರಲ್ಲಿ ಜೋಳ ಹಸನು ಮಾಡುತ್ತಿದ್ದ ಅವನ ತಾಯಿ ಕರೆಮ್ಮ ಮೊರ ಹಿಡಿದುಕೊಂಡೇ ಒಳಗೆ ಬಂದಳು. ತಾಯಿಯನ್ನು ಕಂಡದ್ದೇ ಅವನ ಬೆನ್ನು ನೆಟ್ಟಗಾಯಿತು.

ಹುಲುಗೇಶ: ಬಾ ಯವ್ವಾ, ನಿನ್ನ ಸೊಸಿ ನನಗ ಕತ್ತರಿ ಹಾಕಿಸಾಕ ಹೊಂಟಾಳ.

ಕರೆಮ್ಮ: ಕೇಳಸ್ತಪ್ಪಾ, ಇಡೀ ಓಣಿಗೇ ಕೇಳಸ್ತು. ಹೊಳೆವ್ವಾ, ಅಂವ ದುಡಿಯೋ ಗಂಡಸು. ಅಂವ ಮಲಗಿದ್ರ ಟಿಪ್ಪರ್ ಯಾರು ಹೊಡೀತಾರವ್ವ?

ಹೊಳೆಮ್ಮ: ನಾನು ಮಲಗಿದ್ರ ರೊಟ್ಟಿ ಯಾರು ಬಡೀತಾರತ್ತಿ?

ಕರೆಮ್ಮ: (ತುಸು ಯೋಚಿಸಿ) ಅದು ನನ್ನ ಕೊರಳಿಗೇ ಬರತೈತಿ.

ಹುಲುಗೇಶ: ಯವ್ವಾ, ಆ ಕಡಿಗೆ ಜಾರಬ್ಯಾಡ! ಇದು ನಮ್ಮ ಮನಿತನದ ಮರ್ಯಾದಿ ಪ್ರಶ್ನೆ. ನಾನು ಯಾರ ಮಗ? ಪೈಲ್ವಾನ್ ಎರ್ರೆಪ್ಪನ ಮಗ. ಎಮರ್ಜೆನ್ಸಿಯಾಗ ಗಂಡಸ್ರನ್ನ ಆಪರೇಶನ್ನಿಗೆ ಒಯ್ಯಾಕ ಜೀಪು ಬಂದಾಗ ನಮ್ಮಪ್ಪ ಏನು ಮಾಡ್ದ? ಜೀಪಿನೋರನ್ನ ಎತ್ತಿ ಹಳ್ಳಕ್ಕ ಒಗದ! ಊರಿಗೇ ಗೊತ್ತೈತಿ. ಅಂಥಾ ಗಂಡಸಿನ ಮಗ ಹೋಗಿ ಮೇಜಿನ ಮ್ಯಾಲ ಮಲಗಬೇಕೇನು? ಯಪ್ಪಾ, ನೀನಾ ಹೇಳು!

ಹೊರಗೆ ಕಟ್ಟೆಯ ಮೇಲೆ ಕುಳಿತಿದ್ದ ಎರ್ರೆಪ್ಪನ ಮೀಸೆ ಊರಿಗೆಲ್ಲ ದೊಡ್ಡದು. ಅವನು ಹೇಳಲಿಲ್ಲ, ಕೆಮ್ಮಿದ. ಕೆಮ್ಮು ಅಗತ್ಯಕ್ಕಿಂತ ಉದ್ದವಾಯಿತು. ಕರೆಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅವಳ ಹೆಗಲು ಕುಲುಕಿತು, ಮೊರ ಕುಲುಕಿತು, ಜೋಳ ನೆಲಕ್ಕೆ ಚೆಲ್ಲಿತು.

ಹುಲುಗೇಶ: ಯವ್ವಾ, ಯಾಕ ಅಳ್ತೀ?

ಹೊಳೆಮ್ಮ: ಅಳಾಕತ್ತಿಲ್ಲ, ನಗಾಕತ್ಯಾರ.

ಎರ್ರೆಪ್ಪ: (ಹೊರಗಿನಿಂದಲೇ) ಲೇ ಕರೆವ್ವಾ, ಸುಮ್ನಿರು!

ಕರೆಮ್ಮ: ಮೂವತ್ತು ವರ್ಷ ಸುಮ್ನಿದ್ದೀನಲ್ರಿ! ಬಾಯಿ ಮುಚ್ಚಿ ಮುಚ್ಚಿ ದವಡಿ ನೋವು ಬಂದೈತಿ. ಏ ಹುಲುಗ್ಯಾ, ನಿಮ್ಮಪ್ಪ ಯಾರನ್ನೂ ಹಳ್ಳಕ್ಕ ಒಗೀಲಿಲ್ಲ. ತಾನಾ ಜೀಪು ಹತ್ತಿದ.

ಹುಲುಗೇಶ: ಏನು?

ಕರೆಮ್ಮ: ಉಳದ ಗಂಡಸ್ರೆಲ್ಲಾ ಓಡಿ ಜ್ವಾಳದ ಹೊಲ ಸೇರಿದ್ರು. ಇವ್ರು ಪೈಲ್ವಾನ್ರು, ಓಡಿದ್ರ ಮರ್ಯಾದಿ ಹೋಗತೈತಲ್ಲ! ತೊಡಿ ತಟ್ಟಿ ರಸ್ತಾದ ನಡುವ ನಿಂತ್ರು. ಜೀಪಿನೋರು 'ಅಂಜಿಕಿ ಇಲ್ಲಂದ್ರ ಹತ್ರಿ ಪೈಲ್ವಾನ್ರ' ಅಂದ್ರು. ಹತ್ತೇಬಿಟ್ರು.

ಎರ್ರೆಪ್ಪ ಬಾಗಿಲಿಗೆ ಬಂದು ನಿಂತ. ಮೀಸೆ ಅಲ್ಲೇ ಇತ್ತು, ಅದರ ಹಿಂದಿನ ಮನುಷ್ಯ ಮಾತ್ರ ತುಸು ಸಣ್ಣವನಾಗಿದ್ದ.

ಎರ್ರೆಪ್ಪ: ಎಲ್ಲಿಗೆ ಅಂತ ಕೇಳಬೇಕಿತ್ತು. ಕೇಳಿದ್ರ ಅಂಜಿದ ಅನ್ನತಿದ್ರು.

ಹುಲುಗೇಶ: ಯಪ್ಪಾ, ಹಂಗಾದ್ರ ನೀನು... ನಾನು...

ಕರೆಮ್ಮ: ನೀನು ಆವಾಗ ತೊಟ್ಟಿಲದಾಗ ಇದ್ದಿ, ಹೆದರಬ್ಯಾಡ.

ಎರ್ರೆಪ್ಪ: ಊರಾಗ ನಾನೊಬ್ಬನಾ ಸಿಕ್ಕೊಂಡಾಂವ. ಉಳದೋರೆಲ್ಲಾ ತಪ್ಪಿಸ್ಕೊಂಡ್ರು. ಅದಕ್ಕ ಹಳ್ಳದ ಕಥಿ ಕಟ್ಟಬೇಕಾತು.

ಕರೆಮ್ಮ: ಯಾರು ತಪ್ಪಿಸ್ಕೊಂಡ್ರು? ನಿಮ್ಮ ಹಿಂದ ಎರಡನೇ ಜೀಪು ಬಂದು ಜ್ವಾಳದ ಹೊಲಕ್ಕಾ ನುಗ್ಗಿತು. ಅಲ್ಲಿದ್ದೋರನ್ನೆಲ್ಲಾ ತುಂಬಿಕೊಂಡು ಹೋದ್ರು. ನೀವು ಅಷ್ಟೊತ್ತಿಗೆ ಮನಿಗೆ ಬಂದು ಗ್ವಾಡಿ ಕಡಿಗೆ ಮುಖ ಮಾಡಿ ಮಲಗಿದ್ರಿ.

ಎರ್ರೆಪ್ಪ: ಎಲ್ಲಾರನ್ನೂ?

ಕರೆಮ್ಮ: ಎಲ್ಲಾರನ್ನೂ.

ಎರ್ರೆಪ್ಪ: ಪಕ್ಕೀರಪ್ಪನ್ನೂ?

ಕರೆಮ್ಮ: ಪಕ್ಕೀರಪ್ಪ ಅತ್ತಿದ್ದು ಊರ ಹೊರಗೂ ಕೇಳಸ್ತಂತ.

ಎರ್ರೆಪ್ಪನ ಮುಖ ಮೊದಲು ಬಿಳುಚಿತು, ಆಮೇಲೆ ಅದಿರಿನಷ್ಟು ಕೆಂಪಾಯಿತು. ಹೆಗಲ ಟವೆಲ್ ಜಾಡಿಸಿ ಹೊರಟೇಬಿಟ್ಟ.

ಎರ್ರೆಪ್ಪ: ಆ ಮಗ ಬಂದ್ರ ಕಟ್ಟಿ ಮ್ಯಾಲಿಂದ ಎದ್ದು ಜಾಗ ಬಿಡ್ತಿದ್ನಲ್ಲಲೇ ನಾನು! ಪೂರ್ತಿ ಗಂಡಸು ಅಂತ! ಈಗ ಹೋಗಿ ಕೇಳ್ತೀನಿ.

ಕರೆಮ್ಮ: ಹೋಗ್ರಿ, ಕೇಳ್ರಿ. 'ನಿನಗ ಹೆಂಗ ಗೊತ್ತಾತು, ನೀನೂ ಅಲ್ಲಿದ್ದೇನು' ಅಂತಾನ.

ಎರ್ರೆಪ್ಪ ಹೊಸ್ತಿಲ ಮೇಲೆ ಎತ್ತಿದ್ದ ಕಾಲನ್ನು ಹಾಗೆಯೇ ಹಿಂದಕ್ಕೆ ಇಟ್ಟ.

ಹೊಳೆಮ್ಮ: ಅತ್ತಿ, ನಿಮಗ ಹೆಂಗ ಗೊತ್ತಾತು?

ಕರೆಮ್ಮ: ಮುಂದಿನ ವರ್ಷ ಓಣಿಯಾಗ ಒಂದು ತೊಟ್ಟಿಲ ಕಟ್ಟಲಿಲ್ಲ, ಒಂದು ಬಾಣಂತಿ ಖಾರ ಕುಟ್ಟಲಿಲ್ಲ. ಹೆಂಗಸ್ರು ಒಬ್ಬರ ಮುಖ ಒಬ್ರು ನೋಡಿ ನಕ್ವಿ. ಗಂಡಸ್ರು ಮಾತ್ರ 'ನಾ ತಪ್ಪಿಸ್ಕೊಂಡೆ, ನಾ ತಪ್ಪಿಸ್ಕೊಂಡೆ' ಅಂತ ಕಟ್ಟಿ ಮ್ಯಾಲ ಮೀಸಿ ತಿರುವಿಕೊಂತ ಕುಂತ್ರು. ನಾವೂ ಹೂಂ ಅಂದ್ವಿ.

ಹೊಳೆಮ್ಮ: ಹಂಗಾದ್ರ ಈ ಊರಿನ ಗಂಡಸ್ತನ ಅನ್ನೋದು...

ಕರೆಮ್ಮ: ನಾವು ಬಾಯಿ ಮುಚ್ಚಿಕೊಂಡು ಸಾಕಿದ್ದವ್ವ.

ಹುಲುಗೇಶ: ಯಪ್ಪಾ, ಒಂದು ಮಾತು. ಆಮ್ಯಾಲ ನಿನಗ... ಶಕ್ತಿ?

ಎರ್ರೆಪ್ಪ: ಜ್ವಾಳದ ಚೀಲ ಎತ್ತೋದು ನೋಡೀದಿ, ಕುಸ್ತಿ ಗೆದ್ದು ಬೆಳ್ಳಿ ಕಡಗ ತಂದದ್ದು ನೋಡೀದಿ. ಇನ್ನೇನು ತೋರಸಬೇಕು ನಿನಗ?

ಕರೆಮ್ಮ: ನನ್ನ ಕೇಳಪಾ. ಅದಕ್ಕಿಂತ ಮದಲ ದೀಪ ಆರಿತಂದ್ರ ನನ್ನ ಎದಿ ಡವಡವ ಅಂತಿತ್ತು. ಮತ್ತೊಂದು ಬಸುರು, ಮತ್ತೊಂದು ಬಾಣಂತನ ಅಂತ ಹೆದರಿಕಿ. ಆ ಹೆದರಿಕಿ ಹೋದ ಮ್ಯಾಲನ ಈ ಮನಷ್ಯಾ ನೋಡಾಕ ಚಂದ ಅದಾನ ಅಂತ ನನಗ ಗೊತ್ತಾತು.

ಹುಲುಗೇಶ: ಯವ್ವಾ! ಸಾಕು!

ಹುಲುಗೇಶ ಎರಡೂ ಕಿವಿ ಮುಚ್ಚಿಕೊಂಡ. ಎರ್ರೆಪ್ಪ ಮೀಸೆಯ ತುದಿ ಹಿಡಿದು ಹೆಂಡತಿಯನ್ನೇ ನೋಡುತ್ತ ನಿಂತ.

ಎರ್ರೆಪ್ಪ: ಖರೇನೇನ? ಹಿಂಗ ಯಾವತ್ತೂ ಹೇಳಿಲ್ಲಲ್ಲ ನೀನು.

ಕರೆಮ್ಮ: ನೀವು ಯಾವತ್ತು ಕೇಳಿದ್ರಿ?

ಕರೆಮ್ಮ ಕುಳಿತು ಚೆಲ್ಲಿದ ಜೋಳ ಬಳಿಯತೊಡಗಿದಳು. ಜನ್ಮದಲ್ಲಿ ಮೊದಲ ಸಲ ಎರ್ರೆಪ್ಪನೂ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕುಳಿತು ಕಾಳು ಆರಿಸಿದ. ಹುಲುಗೇಶ ಅದನ್ನು ನೋಡಿದ, ಹೊಳೆಮ್ಮನ ಬಿಳುಚಿದ ಮುಖ ನೋಡಿದ, ಮೊಳೆಗೆ ಹಾಕಿದ್ದ ಟಿಪ್ಪರಿನ ಕೀಲಿ ತೆಗೆದುಕೊಂಡ.

ಹುಲುಗೇಶ: ನಡಿ. ನಾನಾ ಮಾಡಿಸ್ಕೋತೀನಿ.

ಹೊಳೆಮ್ಮ: ಖರೇ?

ಹುಲುಗೇಶ: ನೀ ಸತ್ತು ನಾ ಗಂಡಸಾಗಿ ಉಳದು ಯಾರಿಗೆ ತೋರಸಬೇಕು? ಆದ್ರ ಒಂದು ಮಾತು, ಊರಾಗ ಯಾರಿಗೂ ಗೊತ್ತಾಗಬಾರದು. ಕೇಳಿದ್ರ 'ನನ್ನ ಆಪರೇಶನ್ನಿಗೆ ಇವ್ರು ಕರಕೊಂಡು ಹೊಂಟಾರ' ಅನ್ನಬೇಕು ನೀನು.

ಹೊಳೆಮ್ಮ: ಆತ್ರಿ, ಹಂಗಾ ಅಂತೀನಿ.

ಹೊಳೆಮ್ಮನ ಕಣ್ಣಲ್ಲಿ ನೀರು ಬಂದಿತ್ತು. ಧೂಳು ಎಂದುಕೊಂಡು ಒರೆಸಿಕೊಂಡಳು. ಹುಲುಗೇಶ ಟಿಪ್ಪರ್ ಚಾಲೂ ಮಾಡಿ ಹಿಂದಕ್ಕೆ ತಿರುಗಿಸತೊಡಗಿದ. ಎದುರು ಮನೆಯ ದ್ಯಾಮಕ್ಕ ಅಂಗಳದ ಕೆಂಧೂಳಿಗೆ ನೀರು ಹೊಡೆಯುವುದನ್ನು ಬಿಟ್ಟು, ಕೊಡ ಸೊಂಟಕ್ಕಿಟ್ಟುಕೊಂಡು ಬಂದಳು. ಅವಳ ಗಂಡನದೂ ಟಿಪ್ಪರ್ ವ್ಯವಹಾರವೇ.

ದ್ಯಾಮಕ್ಕ: ಎಲ್ಲಿಗವ್ವ ಜೋಡಿಲೇ?

ಹೊಳೆಮ್ಮ: ಸಂಡೂರಿಗಕ್ಕ. ನನ್ನ ಆಪರೇಶನ್ನಿಗೆ ಇವ್ರು ಕರಕೊಂಡು ಹೊಂಟಾರ.

ದ್ಯಾಮಕ್ಕ ಟಿಪ್ಪರಿನಲ್ಲಿ ಕುಳಿತವನ ಬೆವೆತ ಮುಖ ನೋಡಿದಳು. ಇವಳ ಮುಖ ನೋಡಿದಳು. ದನಿ ತಗ್ಗಿಸಿದಳು.

ದ್ಯಾಮಕ್ಕ: ಹಿಂದಿನ ಕ್ಯಾಂಪಿಗೆ ನಮ್ಮವರೂ ನನ್ನ ಹಿಂಗಾ ಕರಕೊಂಡು ಹೋಗಿದ್ರು. ಬರುವಾಗ ತಾವಾ ಕಾಲು ಅಗಲಿಸಿಕೊಂಡು ನಡಕೊಂತ ಬಂದ್ರು.

ಹೊಳೆಮ್ಮ: ಅಯ್ಯ ಅಕ್ಕಾ! ಯಾರಿಗೂ ಹೇಳಾ ಇಲ್ಲಲ್ಲ ನೀನು!

ದ್ಯಾಮಕ್ಕ: ಓಣಿಗೆಲ್ಲಾ ಹೇಳೀನಲ್ಲ. ನೀನು ಬಾಣಂತನದಾಗಿದ್ದಿ, ಅದಕ್ಕ ತಪ್ಪಿಹೋಗೈತಿ.

ಟಿಪ್ಪರಿನ ಹಾರನ್ ಕೂಗಿತು. ಹೊಳೆಮ್ಮ ಹತ್ತಲು ಹೋದವಳು ಮತ್ತೆ ತಿರುಗಿದಳು.

ಹೊಳೆಮ್ಮ: ಅಕ್ಕಾ, ಇವ್ರದು ಮಾತ್ರ ಯಾರಿಗೂ ಗೊತ್ತಾಗಬಾರದವ್ವ. ಮಾತು ಕೊಟ್ಟೀನಿ.

ದ್ಯಾಮಕ್ಕ: ಹುಚ್ಚಿ, ಅದನ್ನೂ ಹೇಳಬೇಕೇನು? ಒಬ್ಬ ಗಂಡಸಿನ ಕಿವಿಗೂ ಬೀಳಂಗಿಲ್ಲ, ಹೋಗಿ ಬಾ.