ಕಾಲು ಮೇಲಾಗಿ ಬಂದ ಹಳದಿ ಬಾತುಕೋಳಿಯವರಿಗೆ

ಒಂದನೇ ತರಗತಿಯ ಚೌಕದ ಹಾಳೆಯಲ್ಲಿ ಬಿಡಾರ ಹೂಡಿರುವ ಮಾನ್ಯ ಬಾತುಕೋಳಿಯವರೇ,

ಲಿಫ್ಟ್ ರಿಪೇರಿ ಮಾಡಿ ಹೊಟ್ಟೆ ಹೊರೆಯುವ ಒಬ್ಬ ತಂದೆಯ ಸಾವಿರ ನಮಸ್ಕಾರಗಳು. ತಮ್ಮ ಹಳದಿ ಮೈಯೂ ಕಿತ್ತಳೆ ಕೊಕ್ಕೂ ಎಂದೆಂದಿಗೂ ಮಾಸದಿರಲೆಂದು ಹಾರೈಸುತ್ತಾ, ಕಳೆದ ಸೋಮವಾರ ತಾವು ನಮ್ಮ ಮನೆಗೆ ಕಾಲು ಮೇಲೆ ಮಾಡಿಕೊಂಡು ದಯಮಾಡಿಸಿದ ವಿಷಯವಾಗಿ ಎರಡು ಮಾತು ಅರಿಕೆ ಮಾಡಿಕೊಳ್ಳುತ್ತೇನೆ.

ತಾವು ಪ್ರತ್ಯಕ್ಷರಾಗುವ ಬಗೆ ನನಗೆ ತಿಳಿಯದ್ದೇನಲ್ಲ. ಟೀಚರ್ ಖಾಲಿ ಚೌಕಗಳ ಹಾಳೆ ಕೊಟ್ಟು, ಮೇಲಂಚಿನಲ್ಲಿ ಅ, ಆ, ಇ, ಈ, ಉ ಮುಂತಾಗಿಯೂ ಪಕ್ಕದಲ್ಲಿ ಒಂದರಿಂದ ಎಂಟರವರೆಗೂ ಬರೆಸುತ್ತಾರೆ. ಆಮೇಲೆ ‘ಇ-ಮೂರಕ್ಕೆ ಹಳದಿ, ಉ-ಎರಡಕ್ಕೆ ಕಿತ್ತಳೆ’ ಎಂದು ಹೇಳುತ್ತಾ ಹೋದಂತೆ ಮಕ್ಕಳು ಹುಡುಕಿ ಹುಡುಕಿ ಬಣ್ಣ ತುಂಬುತ್ತಾರೆ, ಕೊನೆಗೆ ತಾವು ಎದ್ದು ನಿಲ್ಲುತ್ತೀರಿ. ಭೇಷ್! ಆದರೆ ಆ ಒಂದನ್ನು ಯಾವ ತುದಿಯಿಂದ ಬರೆಯಬೇಕೆಂದು ಟೀಚರೂ ಹೇಳಲಿಲ್ಲ, ತಾವೂ ಕೊಕ್ಕು ಬಿಚ್ಚಲಿಲ್ಲ. ಮಿಕ್ಕ ಮಕ್ಕಳು ಮೇಲಿನಿಂದ ಬರೆದರು. ನನ್ನ ಮಗಳು ಅಂಕಿ ಕಲಿತದ್ದು ನನ್ನ ಕಂಕುಳಲ್ಲಿ ಕೂತು, ಲಿಫ್ಟಿನ ಗುಂಡಿಗಳನ್ನು ಒತ್ತುತ್ತಾ. ಅಲ್ಲಿ ಒಂದು ಕೆಳಗಿರುತ್ತದೆ, ಎಂಟು ಮೇಲಿರುತ್ತದೆ. ಯಾವ ಕಟ್ಟಡದಲ್ಲಾದರೂ ಒಂದನೇ ಮಹಡಿ ಹೋಗಿ ತಾರಸಿಯ ಮೇಲೆ ಕೂತಿರುವುದನ್ನು ತಾವು ಕಂಡಿದ್ದೀರಾ? ಅವಳು ಒಂದನ್ನು ಕೆಳಗೆ ಬರೆದು, ಹೇಳಿದ ಒಂದೊಂದು ಚೌಕಕ್ಕೂ ಗೆರೆ ದಾಟದಂತೆ ಬಣ್ಣ ತುಂಬಿದಳು. ತಾವು ತಲೆಕೆಳಗಾಗಿ ನಿಂತಿರಿ. ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ‘ತಪ್ಪು’ ಎಂದು ಬಿತ್ತು.

ತಮ್ಮ ಶೀರ್ಷಾಸನದ ಸೊಬಗನ್ನು ನಾನು ಹೊಗಳಿದಷ್ಟೂ ಕಡಿಮೆಯೇ. ಆದರೆ ಮಗಳು ಬಣ್ಣದ ಕಡ್ಡಿಗಳನ್ನೆಲ್ಲ ಮಂಚದ ಕೆಳಗೆ ಎಸೆದು, “ನಾನು ದಡ್ಡಿ ಅಪ್ಪಾ. ಶುಕ್ರವಾರ ಎಲ್ಲರ ಬಾತೂ ಗೋಡೇಲಿ ಇರುತ್ತೆ, ನಂದು ಮಾತ್ರ ಇರಲ್ಲ. ನಾನು ಇನ್ಮೇಲೆ ಸ್ಕೂಲಿಗೆ ಹೋಗಲ್ಲ” ಎಂದು ಮುಖ ಮುಚ್ಚಿಕೊಂಡಳು. “ಲಿಫ್ಟಲ್ಲಿ ಪಾಠ ಹೇಳಿಕೊಟ್ರೆ ಇನ್ನೇನಾಗುತ್ತೆ?” ಎಂದು ನನ್ನ ಹೆಂಡತಿ ನನಗೆ ಮಂಗಳಾರತಿ ಎತ್ತಿದಳು. ಅದೇನೂ ಹೊಸದಲ್ಲ, ಬಿಡಿ. ಆದರೆ ಆರು ವರ್ಷದ ಕೂಸು ತನ್ನನ್ನೇ ದಡ್ಡಿ ಎಂದುಕೊಳ್ಳುವುದೇ, ಮಾನ್ಯರೇ? ತಮಗೂ ಮರಿಗಳಿರಬಹುದು.

ಆದಕಾರಣ ಶುಕ್ರವಾರದೊಳಗೆ ಹಾಳೆಯ ಮೇಲೆಯೇ ಒಂದು ಲಾಗ ಹೊಡೆದು ನೆಟ್ಟಗಾಗಬೇಕೆಂದೂ, ಅದು ತಮ್ಮ ಘನತೆಗೆ ಕುಂದೆನಿಸಿದರೆ ಶಾಲೆಯ ಕಟ್ಟಡವನ್ನೇ ಮಗುಚಿ ಹಾಕಿಸಬೇಕೆಂದೂ ತಮ್ಮೆದುರು ಕೂತು ಅಂಗಲಾಚಿದೆ. ತಾವು ಜಪ್ಪಯ್ಯ ಎಂದರೂ ಅಲ್ಲಾಡಲಿಲ್ಲ.

ಕಡೆಗೆ ಶುಕ್ರವಾರ ಬೆಳಿಗ್ಗೆ ಒಂದು ಕೈಯಲ್ಲಿ ಸ್ಪಾನರಿನ ಚೀಲ, ಇನ್ನೊಂದರಲ್ಲಿ ಮೂತಿ ಊದಿಸಿಕೊಂಡ ಮಗಳನ್ನು ಹಿಡಿದು ಶಾಲೆಗೆ ಹೋಗಿ, ಟೀಚರ ಮೇಜಿನ ಮೇಲೆ ಹಾಳೆಯನ್ನಿಟ್ಟು ಮೇಲುಕೆಳಗಾಗಿ ತಿರುಗಿಸಿದೆ. ಅಕ್ಷರಗಳು ತಲೆಕೆಳಗಾದವು, ತಾವು ನೆಟ್ಟಗಾದಿರಿ. ಆದರೆ ಬಲಕ್ಕೆ ನೋಡಬೇಕಾದವರು ಎಡಕ್ಕೆ ತಿರುಗಿದ್ದಿರಿ. ಟೀಚರ್ ಒಂದೊಂದೇ ಚೌಕದ ಮೇಲೆ ಬೆರಳಿಟ್ಟು ಪರೀಕ್ಷಿಸಿ, “ಅಯ್ಯೋ, ಒಂದು ಚೌಕಾನೂ ತಪ್ಪಿಲ್ವಲ್ಲ! ಎಲ್ಲಿಂದ ಎಣಿಸಬೇಕು ಅಂತ ನಾನೇ ಹೇಳಿರಲಿಲ್ಲ, ಪುಟ್ಟಿ” ಎಂದು ತಲೆಕೆಳಗಾದ ಅಕ್ಷರಗಳಿದ್ದ ಅಂಚುಗಳನ್ನು ಕತ್ತರಿಯಿಂದ ಕತ್ತರಿಸಿ, ಹಾಳೆಯನ್ನು ಗೋಡೆಗೆ ಅಂಟಿಸಿಯೇಬಿಟ್ಟರು.

ಗೋಡೆಯ ಉದ್ದಕ್ಕೂ ತಮ್ಮ ಬಳಗವೆಲ್ಲ ಬಾಗಿಲ ಕಡೆ ಮುಖ ಮಾಡಿ, ಒಬ್ಬರ ಬಾಲವನ್ನು ಒಬ್ಬರು ನೋಡುತ್ತಾ ನಿಂತಿತ್ತು. ತಾವೊಬ್ಬರೇ ಹಿಂದಕ್ಕೆ ತಿರುಗಿ, ಪಕ್ಕದವರ ಕೊಕ್ಕಿಗೆ ಕೊಕ್ಕು ಕೊಟ್ಟು ನಿಂತಿದ್ದಿರಿ. ಮಗಳು ಸ್ವಲ್ಪ ಹೊತ್ತು ಕಣ್ಣರಳಿಸಿ ನೋಡಿ, ಇಡೀ ತರಗತಿಗೆ ಕೇಳುವಂತೆ, “ನೋಡ್ರೋ, ನನ್ನ ಬಾತಿಗೆ ಮಾತ್ರ ಫ್ರೆಂಡ್ ಇದೆ!” ಎಂದು ಕೂಗಿದಳು. ನನಗೆ ಟಾಟಾ ಹೇಳುವುದನ್ನೂ ಮರೆತು ತನ್ನ ಬೆಂಚಿಗೆ ಓಡಿದಳು.

ಒಂದನ್ನು ಇಂದಿಗೂ ಕೆಳಗೇ ಇಟ್ಟಿರುವ,
ತಮ್ಮ ವಿಶ್ವಾಸಿ,
ಲಿಫ್ಟ್ ಮೆಕ್ಯಾನಿಕ್

ತಾ.ಕ.: ತಮಗೆ ತಿಳಿದಿರಲಿ, ಈಗ ಮಿಕ್ಕ ಮಕ್ಕಳೆಲ್ಲ ತಮ್ಮ ತಮ್ಮ ಬಾತುಗಳನ್ನೂ ತಿರುಗಿಸಿ ಅಂಟಿಸಬೇಕೆಂದು ರಚ್ಚೆ ಹಿಡಿದಿದ್ದಾರೆ, ತಿರುಗಿಸಿದರೆ ಅವೆಲ್ಲ ತಲೆಕೆಳಗಾಗುತ್ತವೆ ಎಂದು ಟೀಚರ್ ಎಷ್ಟು ಹೇಳಿದರೂ ಕೇಳುತ್ತಿಲ್ಲ. ಸರಿಯಾಗಿ ಬಿಡಿಸಿದ ತಪ್ಪಿಗೆ ಅಳುತ್ತಿರುವ ಇಷ್ಟೂ ಮಕ್ಕಳನ್ನು ಸಮಾಧಾನಪಡಿಸಲು ತಾವೇ ಖುದ್ದಾಗಿ ಗೋಡೆಯಿಂದ ಇಳಿದು ಬರಬೇಕಾಗಿ ವಿನಂತಿ.