ಚೌಕದೊಳಗಿನ ಕತ್ತೆಯ ವಿಷಯವಾಗಿ ಕ್ಲಫ್‌ಡೇಲ್ ಚುನಾವಣಾಧಿಕಾರಿಗಳಿಗೆ

ಕ್ಲಫ್‌ಡೇಲ್ ಸಂಸತ್ ಕ್ಷೇತ್ರದ ಮಾನ್ಯ ಚುನಾವಣಾಧಿಕಾರಿಗಳೇ,

ತಮಗೂ, ತಮ್ಮ ಸಿಬ್ಬಂದಿಗೂ, ಕಳೆದ ತಿಂಗಳು ಒಂದೇ ರಾಶಿಯನ್ನು ಮೂರು ಮೂರು ಸಲ ಎಣಿಸಿ ಸವೆದ ಅವರ ಹೆಬ್ಬೆರಳುಗಳಿಗೂ ನನ್ನ ಸವಿನಯ ವಂದನೆಗಳು. ಥಾರ್ನ್‌ಕ್ಲಫ್ ಊರಿನ ಚಾಪೆಲ್ ಬೀದಿಯ ಹನ್ನೊಂದನೇ ಮನೆಯವಳಾದ ನಾನು, ಶ್ರೀಮತಿ ಎನಿಡ್ ಶಟಲ್‌ವರ್ತ್, ಮೂವತ್ತೊಂದು ವರ್ಷ ಶಾಲೆಯ ಮಕ್ಕಳಿಗೆ ಮಧ್ಯಾಹ್ನದ ಊಟ ಬಡಿಸಿ ನಿವೃತ್ತಳಾದವಳು. ಇದುವರೆಗೆ ಯಾವ ಅಧಿಕಾರಿಗೂ ದೂರು ಬರೆದವಳಲ್ಲ. ಒಮ್ಮೆ ಮಾತ್ರ ಕಸದ ತೊಟ್ಟಿಯ ವಿಷಯವಾಗಿ ಬರೆದಿದ್ದೆ, ಅದಕ್ಕೂ ಕೊನೆಯಲ್ಲಿ ಕ್ಷಮೆ ಕೇಳಿದ್ದೆ. ಈ ಪತ್ರದ ಪ್ರತಿಯನ್ನು ನಮ್ಮ ವಾರಪತ್ರಿಕೆಗೂ ಕಳಿಸುತ್ತಿದ್ದೇನೆ, ಅದಕ್ಕೆ ಈಗಲೇ ಕ್ಷಮೆ ಕೇಳಿಬಿಡುತ್ತೇನೆ.

ವಿಷಯ ಇಷ್ಟೇ. ಶ್ರೀ ಜೈಲ್ಸ್ ಆಪಲ್‌ಯಾರ್ಡ್ ಅವರು ಒಂದೇ ಒಂದು ಮತದ ಅಂತರದಿಂದ ನಾಲ್ಕನೇ ಸಲ ನಮ್ಮ ಸಂಸದರಾಗಿದ್ದಾರೆ. ಆ ಒಂದು ಮತ ನನ್ನದು. ಆದರೆ ನಾನು ಅವರಿಗೆ ಮತ ಹಾಕಿಲ್ಲ. ಅವರ ಹೆಸರಿನ ಮುಂದೆ ಮತದ ಗುರುತು ಹಾಕುವ ಚೌಕದಲ್ಲಿ ಒಂದು ಕತ್ತೆ ಬಿಡಿಸಿದ್ದೆ.

ಸುಸಂಸ್ಕೃತ ಮಹಿಳೆಯೊಬ್ಬಳು ಇಂಥ ಕೆಲಸಕ್ಕೆ ಯಾಕೆ ಇಳಿದಳು ಎಂದು ತಾವು ಕೇಳುವುದು ಸಹಜ. ನನ್ನ ಯಜಮಾನರಾದ ಕ್ಲಿಫರ್ಡ್ ನಲವತ್ತನಾಲ್ಕು ವರ್ಷಗಳಿಂದ ಮಿಲ್‌ಬೆಕ್ ಪಟ್ಟಣದ ಹಿತ್ತಾಳೆ ವಾದ್ಯಗಳ ತಂಡದಲ್ಲಿ ಯೂಫೋನಿಯಂ ಊದುತ್ತಾರೆ. ಅದು ಎರಡು ವರ್ಷದ ಮಗುವಿನಷ್ಟು ದಪ್ಪ, ಅಷ್ಟೇ ಭಾರ, ಮತ್ತು ಅಷ್ಟೇ ಗದ್ದಲದ ವಾದ್ಯ. ಕಣ್ಣು ಮಂಜಾದ ಮೇಲೆ ಅವರು ಕಾರು ಓಡಿಸುವುದನ್ನು ಬಿಟ್ಟಿದ್ದಾರೆ, ನನಗೆ ಮೊದಲಿಂದಲೂ ಬಾರದು. ಆದ್ದರಿಂದ ಪ್ರತಿ ಗುರುವಾರದ ಅಭ್ಯಾಸಕ್ಕೆ ಅವರನ್ನು ಕರೆದೊಯ್ಯುತ್ತಿದ್ದುದು ಸಂಜೆ ಆರು ನಲವತ್ತರ 84ನೇ ನಂಬರಿನ ಬಸ್ಸು. ಸಂಜೆಯ ಆ ಬಸ್ಸನ್ನು ರದ್ದು ಮಾಡುತ್ತಾರೆಂಬ ಸುದ್ದಿ ಪ್ರತಿ ಚುನಾವಣೆಗೂ ಬರುತ್ತಿತ್ತು, ಪ್ರತಿ ಚುನಾವಣೆಗೂ ಆಪಲ್‌ಯಾರ್ಡ್ ಅವರು ಆ ಬಸ್ಸಿನ ಮುಂದೆ ತೋಳು ಚಾಚಿ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಒಮ್ಮೆ ಫೋಟೋ ಚೆನ್ನಾಗಿ ಬರಲೆಂದು ಬಸ್ಸನ್ನು ಹದಿನೈದು ನಿಮಿಷ ನಿಲ್ಲಿಸಿಕೊಂಡದ್ದರಿಂದ ಒಳಗಿದ್ದ ಕ್ಲಿಫರ್ಡ್ ಅಭ್ಯಾಸಕ್ಕೆ ತಡವಾಗಿ ಹೋದರು. ಈ ಸಲ ಬಸ್ಸು ರದ್ದಾಗುವ ತಾರೀಕನ್ನೇ ನಿಲ್ದಾಣದಲ್ಲಿ ಅಂಟಿಸಿದರು, ಅದರ ಪಕ್ಕದಲ್ಲೇ ಆಪಲ್‌ಯಾರ್ಡ್ ಅವರ ಫೋಟೋ ಇತ್ತು.

ಉಳಿದ ಮೂವರು ಅಭ್ಯರ್ಥಿಗಳಾದರೂ ಸರಿಯಿದ್ದರೇ ಎಂದರೆ, ಒಬ್ಬರು ಕರಪತ್ರದಲ್ಲಿ ಪಕ್ಕದ ಊರಿನ ಚರ್ಚಿನ ಚಿತ್ರ ಹಾಕಿ ನಮ್ಮೂರೆಂದು ಬರೆದಿದ್ದರು. ಇನ್ನೊಬ್ಬರು ನಮ್ಮ ಬಾಗಿಲಿಗೆ ಬಂದು, ಬಸ್ಸಿನ ವಿಷಯ ಎತ್ತುತ್ತಲೇ, ತಮಗೆ ಸೈಕಲ್ ಎಂದರೆ ಎಷ್ಟು ಪ್ರೀತಿ ಎಂದು ಹೇಳಿ ಹೋದರು. ಕೊನೆಗೆ ಬಂದವರು ಯಾವ ಪಕ್ಷಕ್ಕೂ ಸೇರದ ಶ್ರೀಮತಿ ಗ್ಲೆನಿಸ್ ಪಿಲ್ಲಿಂಗ್, ಹತ್ತೊಂಬತ್ತು ವರ್ಷದಿಂದ ಅದೇ 84ನ್ನು ಓಡಿಸುತ್ತಿರುವ ಡ್ರೈವರ್. ಬಸ್ಸು ಉಳಿಸುತ್ತೀರಾ ಎಂದು ನಾನು ಕೇಳಿದ್ದಕ್ಕೆ ಅವರು ಕಾಲೊರಸಿನ ಮೇಲೆ ನಿಂತು, "ಉಳಿಸ್ತೀನಿ ಅಂತ ಹೇಳೋಕಾಗಲ್ಲಮ್ಮ, ಅದು ನನ್ನ ಕೈಲಿಲ್ಲ. ಬಡಿದಾಡ್ತೀನಿ, ಅಷ್ಟೇ," ಎಂದರು. ಸತ್ಯ ಹೇಳುತ್ತೇನೆ ಮಾನ್ಯರೇ, ನನಗೆ ಬಹಳ ಬೇಸರವಾಯಿತು. ಮನೆ ಬಾಗಿಲಿಗೆ ಬಂದು ಒಂದು ಸುಳ್ಳು ಭರವಸೆ ಕೊಡುವಷ್ಟೂ ಸೌಜನ್ಯ ಇಲ್ಲದಿದ್ದರೆ ಹೇಗೆ ಎಂದುಕೊಂಡು, ನಾಲ್ವರಿಗೂ ತಲಾ ಒಂದು ಕತ್ತೆಯೆಂದು ತೀರ್ಮಾನಿಸಿದೆ.

ಮತದಾನದ ದಿನ ಗುರುವಾರ ನಾನು ನನ್ನ ತಂಗಿಯ ಮನೆಯಿಂದ ನೇರವಾಗಿ ಬೌಲಿಂಗ್ ಕ್ಲಬ್ಬಿನ ಮತಗಟ್ಟೆಗೆ ಬಂದಾಗ ಸಂಜೆ ಆರು ಗಂಟೆ. ಗುರುತಿನ ಚೀಟಿಯಾಗಿ ಹಿರಿಯ ನಾಗರಿಕರಿಗೆ ಕೊಡುವ ನನ್ನ ಬಸ್ ಪಾಸು ತೋರಿಸಿದೆ. ಅದನ್ನು ಬಸ್ಸಿನಲ್ಲಿ ತೋರಿಸುವ ಅವಕಾಶ ಇನ್ನು ಕಡಿಮೆಯಾಗಲಿದ್ದುದರಿಂದ, ತಮ್ಮ ಸಿಬ್ಬಂದಿ ಅದನ್ನು ಅಷ್ಟು ಗೌರವದಿಂದ ನೋಡಿದ್ದು ನನಗೆ ಸಮಾಧಾನ ತಂದಿತು. ಇದ್ದ ಎರಡು ಮತದಾನದ ಮರೆಗಳಲ್ಲಿ ಒಂದರ ಕಾಲು ಮುರಿದಿತ್ತು. ಇನ್ನೊಂದರೊಳಗೆ ನಿಂತು, ದಾರಕ್ಕೆ ಕಟ್ಟಿದ ಆ ಮೋಟು ಪೆನ್ಸಿಲಿನಿಂದ ಮೊದಲ ಹೆಸರಾದ ಆಪಲ್‌ಯಾರ್ಡ್ ಅವರ ಚೌಕದಲ್ಲಿ ಕೆಲಸ ಆರಂಭಿಸಿದೆ. ಶಾಲೆಯ ಕ್ರಿಸ್‌ಮಸ್ ನಾಟಕದ ಪರದೆಗೆ ವರ್ಷ ವರ್ಷವೂ ಕತ್ತೆ ಬಿಡಿಸಿದ ಕೈ ಇದು, ಬೇಕಾಬಿಟ್ಟಿ ಬಿಡಿಸಲು ಬರುವುದಿಲ್ಲ. ಕಿವಿ, ಗೊರಸು, ರೆಪ್ಪೆ ಎಂದು ಹೋಗಿ ಬಾಲದ ಕುಚ್ಚಿಗೆ ಬರುವಷ್ಟರಲ್ಲಿ ಹಿಂದೆ ಯಾರೋ ಕೆಮ್ಮಿದರು.

ನಮ್ಮೂರಲ್ಲಿ ಕೆಮ್ಮೆಂದರೆ ಏನೆಂದು ತಮಗೆ ಹೇಳಬೇಕಾಗಿಲ್ಲ. ಸಾಲಿನಲ್ಲಿ ನಿಂತವರನ್ನು ಕಾಯಿಸುವುದಕ್ಕಿಂತ ದೊಡ್ಡ ಪಾಪ ನಾನು ಕಲಿತ ಯಾವ ಧರ್ಮದಲ್ಲೂ ಇಲ್ಲ. ಎರಡನೇ ಕೆಮ್ಮು ಕೇಳಿದ ಕೂಡಲೇ ಮುಖವೆಲ್ಲ ಕೆಂಪಾಗಿ, ಇನ್ನೂ ಮೂರು ಕತ್ತೆ ಬಾಕಿಯಿದ್ದರೂ ಚೀಟಿ ಮಡಚಿ ಪೆಟ್ಟಿಗೆಗೆ ಹಾಕಿ, ಬಾಗಿಲವರೆಗೂ ಎಲ್ಲರಿಗೂ ಕ್ಷಮೆ ಕೇಳುತ್ತ ಹಿಂಬಾಗಿಲಿನಿಂದ ಹೊರಗೆ ಬಂದುಬಿಟ್ಟೆ. ಹೇಗೂ ಕುಲಗೆಟ್ಟ ಮತವೆಂದು ಎಸೆಯುತ್ತಾರೆ, ಒಂದಾದರೇನು ನಾಲ್ಕಾದರೇನು ಎಂದುಕೊಂಡೆ.

ಆದರೆ ತಾವು ಎಸೆಯಲಿಲ್ಲ. ಆ ಒಂದೇ ಮತದಿಂದ ಸೋತ ಶ್ರೀಮತಿ ಪಿಲ್ಲಿಂಗ್ ಅವರ ಏಜೆಂಟಾಗಿ ಎಣಿಕೆಗೆ ಬಂದಿದ್ದ ನಮ್ಮ ಪಕ್ಕದ ಮನೆಯ ವಿಲ್ಫ್ ಹಾವರ್ತ್, ಮರುದಿನ ಬೇಲಿಯ ಆಚೆ ನಿಂತು ಎಲ್ಲವನ್ನೂ ಹೇಳಿದ. ತಾವು ಆ ಚೀಟಿಯನ್ನು ದೀಪಕ್ಕೆ ಹಿಡಿದು ಎಲ್ಲ ಏಜೆಂಟರಿಗೂ ತೋರಿಸಿದಿರಂತೆ. "ಸಾರ್, ಅದು ಕತ್ತೆ," ಎಂದು ವಿಲ್ಫ್ ಆಕ್ಷೇಪ ಎತ್ತಿದನಂತೆ. "ಕತ್ತೆ ಅಂತ ನನಗೂ ಕಾಣತ್ತೆ ಹಾವರ್ತ್ ಅವರೇ. ಆದ್ರೆ ಕತ್ತೆ ಪೂರ್ತಿ ಚೌಕದೊಳಗಿದೆ, ಬಾಲದ ತುದಿನೂ ಗೆರೆ ದಾಟಿಲ್ಲ. ಉಳಿದ ಮೂರು ಚೌಕ ಖಾಲಿ. ಮತದಾರರ ಉದ್ದೇಶ ಸ್ಪಷ್ಟ," ಎಂದು ತಾವು ಅದನ್ನು ಆಪಲ್‌ಯಾರ್ಡ್ ಅವರ ಕಟ್ಟಿಗೆ ಸೇರಿಸಿದಿರಂತೆ. ನನ್ನ ಬಾಲಕ್ಕೆ ಇಷ್ಟು ಸೂಕ್ಷ್ಮವಾದ ಮೆಚ್ಚುಗೆ ಈವರೆಗೆ ಯಾರಿಂದಲೂ ಸಿಕ್ಕಿರಲಿಲ್ಲ. ಬೆಟ್ಟದಷ್ಟು ದೊಡ್ಡ ಮಾತುಗಳಲ್ಲಿ ಹೇಳಿದ ನಮ್ಮ ಕಷ್ಟ ಹನ್ನೆರಡು ವರ್ಷದಲ್ಲಿ ಯಾರಿಗೂ ಅರ್ಥವಾಗದಿರುವಾಗ, ಹೆಬ್ಬೆರಳಿನಷ್ಟು ಕತ್ತೆಯಲ್ಲಿ ನನ್ನ ಮನಸ್ಸಿನ ಉದ್ದೇಶವನ್ನು ಓದಿದ ತಮ್ಮ ದೃಷ್ಟಿ ಅಸಾಮಾನ್ಯವಾದದ್ದು.

"ಯಾರೋ ಚೆನ್ನಾಗಿ ಕೈ ಕುದುರಿದವರೇ ಬಿಡಿಸಿದ್ದು ಎನಿಡ್. ಎಡಗಿವಿ ಸ್ವಲ್ಪ ಬಾಗಿತ್ತು," ಎಂದು ವಿಲ್ಫ್ ನನ್ನನ್ನೇ ನೋಡಿದ. ನಾನು ಬಟಾಣಿ ಬಳ್ಳಿಯ ಕಡೆ ತಿರುಗಿಕೊಂಡೆ.

ಆಮೇಲೆ ನನ್ನ ಮನೆಯಲ್ಲಿ ಆದದ್ದೇ ನನ್ನ ನಿಜವಾದ ದೂರು. ಕ್ಲಿಫರ್ಡ್ ಊರೆಲ್ಲ ತಿರುಗಿ, "ಆ ಕತ್ತೆ ಬಿಡಿಸಿದ ಮಹಾನುಭಾವ ಸಿಗಲಿ, ಅವನ ಕಿವಿ ಪಕ್ಕದಲ್ಲಿ ಕೂತು ಇಡೀ ಮೆರವಣಿಗೆ ಸಂಗೀತ ಊದ್ತೀನಿ," ಎಂದು ಹೇಳತೊಡಗಿದರು. ನಾನು ಅವರ ಲೋಟಕ್ಕೆ ಚಹಾ ಬಗ್ಗಿಸುತ್ತಿದ್ದೆ. ಬಸ್ಸು ನಿಂತು ಎರಡು ದಿನವಾಗಿದ್ದ ಕಳೆದ ಸೋಮವಾರ, ಅವರು ಯೂಫೋನಿಯಂ ಅನ್ನು ತೊಡೆಯ ಮೇಲಿಟ್ಟುಕೊಂಡು ಉಜ್ಜಿ ಉಜ್ಜಿ ಹೊಳಪು ಬರಿಸುತ್ತಿದ್ದರು. ಆ ವಾದ್ಯವು ತಂಡದ ಸ್ವತ್ತು. ಅಭ್ಯಾಸಕ್ಕೆ ಬರಲಾಗದವರು ಹಿಂದಿರುಗಿಸಬೇಕು. "ಕೊಳಕಾಗಿ ವಾಪಸು ಕೊಟ್ರೆ ಚೆನ್ನಾಗಿರಲ್ಲ," ಎಂದಷ್ಟೇ ಹೇಳಿದರು. ಅವರ ಮುಖ ನೋಡಲು ನನ್ನ ಕೈಲಾಗಲಿಲ್ಲ. ಎಲ್ಲವನ್ನೂ ಹೇಳಿಬಿಟ್ಟೆ: ಕತ್ತೆ, ಕೆಮ್ಮು, ಬಾಕಿ ಉಳಿದ ಮೂರು ಚೌಕ.

ಅವರು ಉಜ್ಜುತ್ತಿದ್ದ ಬಟ್ಟೆಯನ್ನು ಕೆಳಗಿಟ್ಟರು. "ನಾನಂತೂ ಹಾಕೇ ಇಲ್ಲ ಎನಿಡ್," ಎಂದರು.

"ಏನು ಹಾಕಿಲ್ಲ?"

"ಓಟು. ಗ್ಲೆನಿಸ್‌ಗೆ ಹಾಕೋಣ ಅಂತ ಆರೂಕಾಲಿಗೆ ಹೋಗಿ ನಿಂತೆ. ಸಾಲು ಹೊರಗಡೆ ಗುಲಾಬಿ ಗಿಡದ ತನಕ ಬಂದಿತ್ತು, ಒಂದಿಂಚೂ ಮುಂದೆ ಹೋಗಲ್ಲ. ಯಾರೋ ಒಳಗೆ ಸಂಸಾರ ಹೂಡಿದಾರೆ ಅಂದ್ರು. ಅಷ್ಟರಲ್ಲಿ ಮೂಲೆಯಲ್ಲಿ 84 ಬಂತು. ಹತ್ತಿಬಿಟ್ಟೆ. ವಾಪಸು ಬಂದಾಗ ಹತ್ತೂ ಹತ್ತು, ಹತ್ತಕ್ಕೇ ಬಾಗಿಲು ಹಾಕಿದ್ರು."

ಮಾನ್ಯರೇ, ಲೆಕ್ಕ ತಮಗೇ ಚೆನ್ನಾಗಿ ಬರುತ್ತದೆ. ನನ್ನ ಕತ್ತೆ ಇಲ್ಲದಿದ್ದರೆ ಆಪಲ್‌ಯಾರ್ಡ್ ಅವರೂ ಶ್ರೀಮತಿ ಪಿಲ್ಲಿಂಗ್ ಅವರೂ ಸಮ. ಜೊತೆಗೆ ಕ್ಲಿಫರ್ಡ್ ಮತವೂ ಬಿದ್ದಿದ್ದರೆ ಶ್ರೀಮತಿ ಪಿಲ್ಲಿಂಗ್ ಸಂಸದೆ. ಬಸ್ಸು ಹಿಡಿಯಲು ಹೋಗಿ ಕ್ಲಿಫರ್ಡ್, ಕತ್ತೆ ಬಿಡಿಸಲು ಹೋಗಿ ನಾನು, ಒಂದೇ ಮನೆಯಿಂದ ಇಬ್ಬರೂ ಸೇರಿ ಆಪಲ್‌ಯಾರ್ಡ್ ಅವರನ್ನು ಗೆಲ್ಲಿಸಿದ್ದೇವೆ. ಇಷ್ಟು ನಿಷ್ಠೆಯಿಂದ ಅವರ ಸ್ವಂತ ತಾಯಿಯೂ ಪ್ರಚಾರ ಮಾಡಿರಲಾರರು.

ಆದ್ದರಿಂದ ನನ್ನ ಸಣ್ಣಪುಟ್ಟ ಕೋರಿಕೆಗಳನ್ನು ದಯವಿಟ್ಟು ಪರಿಶೀಲಿಸಬೇಕು. ಎಣಿಸಿಟ್ಟ ಕಟ್ಟಿನ ಸೀಲು ಒಡೆದು ನನ್ನ ಕತ್ತೆಯನ್ನು ಮರಳಿಸುವುದು ಸಾಧ್ಯವಿಲ್ಲವೆಂದಾದರೆ, ಕಡೇಪಕ್ಷ ಗೆದ್ದವರ ಬದಲು ಕತ್ತೆಯನ್ನೇ ಸಂಸತ್ತಿಗೆ ಕಳಿಸಿ ನೋಡಬಹುದು. ಚೌಕದೊಳಗೆ ನಿಲ್ಲಲು ಅದಕ್ಕೆ ಬರುತ್ತದೆಂದು ತಾವೇ ಪ್ರಮಾಣೀಕರಿಸಿದ್ದೀರಿ. ಮುಂದಿನ ಸಲ ಮುರಿದ ಮರೆಗೆ ಕಾಲು ಹಾಕಿಸಬೇಕು. ನನ್ನಂಥವರಿಗಾಗಿ, ಯಾರೂ ಕೆಮ್ಮದ ಒಂದು ಪ್ರತ್ಯೇಕ ಸಾಲನ್ನೂ ಏರ್ಪಡಿಸಿದರೆ ಉಪಕಾರವಾದೀತು.

ಇನ್ನೊಂದು ವಿಷಯ ಹೇಳದೆ ಮುಗಿಸುವುದು ನ್ಯಾಯವಲ್ಲ. ನಿನ್ನೆ ಗುರುವಾರ, ಬಸ್ಸಿಲ್ಲದ ಮೊದಲ ಗುರುವಾರ. ಆರೂವರೆಗೆ ನಮ್ಮ ಬಾಗಿಲಲ್ಲಿ ಹಾರ್ನ್ ಕೇಳಿಸಿತು. ಶ್ರೀಮತಿ ಪಿಲ್ಲಿಂಗ್ ತಮ್ಮ ಹಳೇ ಕಾರಿನಲ್ಲಿ ಬಂದು, ಹಿಂದಿನ ಸೀಟಿನ ಮೇಲೆ ಕಂಬಳಿ ಹಾಸಿ, "ವಾದ್ಯ ಇಲ್ಲಿಡಿ ಕ್ಲಿಫರ್ಡ್, ಮುಂದೆ ಕೂತ್ಕೊಳ್ಳಿ," ಎಂದರು. ಜೊತೆಗೆ ಫೋಟೋ ತೆಗೆಯುವವರು ಯಾರೂ ಇರಲಿಲ್ಲ. ನಾನು ಏಪ್ರನ್ನಿನಲ್ಲೇ ಓಡಿಹೋಗಿ ಕಿಟಕಿಗೆ ಬಗ್ಗಿ, ಆ ಕತ್ತೆ ಬಿಡಿಸಿದ್ದು ನಾನೇ ಎಂದು ಹೇಳಿದೆ.

"ಗೊತ್ತು. ವಿಲ್ಫ್ ಹೇಳ್ದ," ಎಂದರು ಅವರು. "ಆ ಬಾಗಿಲು ಸ್ವಲ್ಪ ಜೋರಾಗಿ ಹಾಕಿ, ಇಲ್ಲಾಂದ್ರೆ ಕೂರಲ್ಲ."

ಕಾರು ಮೂಲೆ ತಿರುಗುವವರೆಗೂ ನಾನು ಬೀದಿಯಲ್ಲಿ ನಿಂತಿದ್ದೆ, ನನಗೆ ನಾಚಿಕೆಯಾಗಿತ್ತು. ಇವತ್ತು ಬೆಳಿಗ್ಗೆ ಎದ್ದ ಕೂಡಲೇ ಈ ಪತ್ರ ಬರೆಯಲು ಕುಳಿತೆ.

ತಮ್ಮ ಸಮಯ ತೆಗೆದುಕೊಂಡದ್ದಕ್ಕೆ ಮತ್ತೊಮ್ಮೆ ಕ್ಷಮೆ ಕೋರುವ,

ತಮ್ಮ ವಿಶ್ವಾಸಿ ಮತ್ತು ಸ್ಪಷ್ಟ ಉದ್ದೇಶದ ಮತದಾರಳು,
ಎನಿಡ್ ಶಟಲ್‌ವರ್ತ್

ಮರೆತದ್ದು: ಈ ಪತ್ರ ಮಡಚುವಾಗ ಅಂಚೆಯಲ್ಲಿ ಶ್ರೀ ಆಪಲ್‌ಯಾರ್ಡ್ ಅವರ ಕರಪತ್ರ ಬಂತು. ತಮ್ಮನ್ನು ಗೆಲ್ಲಿಸಿದ ಪ್ರತಿಯೊಬ್ಬರನ್ನೂ ಖುದ್ದಾಗಿ ಭೇಟಿಯಾಗಿ ಧನ್ಯವಾದ ಹೇಳುವುದಾಗಿ ಅದರಲ್ಲಿ ಭರವಸೆ ಕೊಟ್ಟಿದ್ದಾರೆ. ಅವರಿಗೆ ದಯವಿಟ್ಟು ತಿಳಿಸಿ, ಯಾವ ಗುರುವಾರವಾದರೂ ಸರಿ, ಸಂಜೆಯ 84ರಲ್ಲಿ ಬರಲಿ. ಅವರು ಮಿಲ್‌ಬೆಕ್‌ನಲ್ಲಿ ಬಸ್ಸು ಹತ್ತಿದ ಕೂಡಲೇ ನಾನು ಇಲ್ಲಿ ಒಲೆಯ ಮೇಲೆ ಕೆಟಲ್ ಇಡುತ್ತೇನೆ.