ಅತ್ತರಿನ ಸೀಸೆಯೊಳಗಿನ ಸರದಾರರಿಗೆ

ಮಾನ್ಯರೇ,

ಮುನ್ನೂರು ವರ್ಷಗಳಿಂದ ಒಂದೇ ಅತ್ತರಿನ ಸೀಸೆಯಲ್ಲಿ ವಾಸವಾಗಿದ್ದೂ ಮೀಸೆಯ ಒಂದು ಕೂದಲೂ ನರೆಯದ, ‘ಕೋಟೆಯ ಅತ್ತರು’ ಎಂಬ ಕಾದಂಬರಿಯ ನಾಯಕರಾದ ಸರದಾರ ದಿಲಾವರ್ ಜಂಗ್ ಸಾಹೇಬರ ಸಮ್ಮುಖಕ್ಕೆ, ಹರಿಹರದ ಬಸ್‌ಸ್ಟ್ಯಾಂಡಿನ ಹಿಂದೆ ಮಿಕ್ಸರ್ ರಿಪೇರಿ ಮಾಡಿಕೊಂಡಿರುವ ಇಜಾಜ್ ಎಂಬವನು ತಲೆಬಾಗಿ ಮಾಡುವ ಸಲಾಮುಗಳು.

ದಾವಣಗೆರೆಯ ರುಮಾನಾಳನ್ನು ನೋಡಲು ನಮ್ಮ ಮನೆಯವರೆಲ್ಲ ಹೋಗಿದ್ದ ದಿನ, ಮಂಡಕ್ಕಿ ಮಿರ್ಚಿ ಮುಗಿದು, ದೊಡ್ಡವರು ನಮ್ಮಿಬ್ಬರನ್ನು ಮಾತಾಡಿಕೊಳ್ಳಲೆಂದು ಪಡಸಾಲೆಯಲ್ಲಿ ಬಿಟ್ಟಾಗ, ಆಕೆ ನನ್ನ ಸಂಪಾದನೆ ಕೇಳಲಿಲ್ಲ, ಸಿಗರೇಟು ಸೇದುತ್ತೀರಾ ಎಂದೂ ಕೇಳಲಿಲ್ಲ, “ನನಗೋಸ್ಕರ ಮುನ್ನೂರು ವರ್ಷ ಕಾಯ್ತೀರೇನ್ರಿ?” ಎಂದು ಕೇಳಿದಳು. ಸುಳ್ಳು ಹೇಳಿ ಅಭ್ಯಾಸವಿಲ್ಲದ ನಾನು, “ರಂಜಾನ್ ತನಕ ಕಾಯ್ತೀನ್ರಿ, ಆಮ್ಯಾಲೆ ಅಮ್ಮಿ ಬಿಡಂಗಿಲ್ಲ” ಎಂದೆ. ಆಕೆಯ ಮುಖ ಸಪ್ಪಗಾಯಿತು. ಯೋಚಿಸಿ ಹೇಳುತ್ತೇನೆ ಎಂದಳು. ಆಕೆ ಪಡಸಾಲೆಗೆ ಕಾಲಿಟ್ಟ ಗಳಿಗೆಯಲ್ಲೇ ನನಗೆ ಮೆಚ್ಚುಗೆಯಾಗಿದ್ದಳು. ಅದನ್ನು ಹೇಳಬೇಕಾದ ಹೊತ್ತಿಗೆ ರಂಜಾನಿನ ಲೆಕ್ಕ ಹೇಳಿ ಕೂತಿದ್ದೆ. ಆಕೆ ತಮ್ಮ ಕಾದಂಬರಿಯನ್ನು ಮತ್ತೆ ಮತ್ತೆ ಓದುತ್ತಾಳೆಂದೂ, ಈ ಮುನ್ನೂರು ವರ್ಷದ ಲೆಕ್ಕ ತಮ್ಮದೆಂದೂ ಆಮೇಲೆ ವಿಚಾರಿಸಿದಾಗ ತಿಳಿಯಿತು.

ತಮ್ಮಲ್ಲಿ ದೋಷ ಹುಡುಕಲು ನಾನ್ಯಾರು? ಬಿರಡೆ ತೆಗೆದರೆ ಸಾಕು, ತಾವು ಹೊಗೆಯಾಗಿ ಬಂದು ಕುದುರೆ ಸಮೇತ ನಿಲ್ಲುತ್ತೀರಿ. ನಾನಾದರೋ ಎರಡು ಬಸ್ ಬಿಟ್ಟು ಮೂರನೆಯದಕ್ಕೆ ನೇತಾಡಿಕೊಂಡು ಬರಬೇಕು. ಯುದ್ಧ ಮುಗಿಸಿ ಬಂದ ತಮ್ಮ ಮೈಯಲ್ಲಿ ಮಲ್ಲಿಗೆಯ ಘಮ. ನನ್ನ ಮೈಯಲ್ಲಿ ಸುಟ್ಟ ಮೋಟಾರಿನ ವಾಸನೆ. ಇಷ್ಟಾದರೂ ನನ್ನ ವಿನಂತಿ ಸಣ್ಣದು: ದಯಮಾಡಿ ರುಮಾನಾಳೆದುರು ಒಂದೇ ಒಂದು ಸಲ ಆಕಳಿಸಿ. ಅದು ಸರದಾರಿಕೆಗೆ ಒಪ್ಪದಿದ್ದರೆ, ಗ್ಯಾಸ್ ಮುಗಿದ ದಿನ ಬಂದು, ಹೊಗೆಯಾಗದೆ, ಹೊಸ ಸಿಲಿಂಡರನ್ನು ಮಹಡಿಗೆ ಹೊತ್ತುಕೊಟ್ಟು ಹೋಗಿ.

ಪುಸ್ತಕವನ್ನು ನಾನೂ ಕೊಂಡು ಕೊನೆತನಕ ಓದಿದೆ, ಒಂದೆರಡು ಕಡೆ ಅತ್ತೆ ಕೂಡ. ಆದರೆ ತಾವು ಪ್ರತಿ ಸಲವೂ ಕಥಾನಾಯಕಿಯಾದ ಆ ಹುಡುಗಿಯನ್ನು ಸೊಂಟ ಹಿಡಿದೆತ್ತಿ, ಕುದುರೆ ಮೇಲೆ ಕೂರಿಸಿಕೊಂಡು, ಹೆತ್ತ ತಾಯಿಗೂ ಹೇಳದೆ ಮುನ್ನೂರು ವರ್ಷ ಹಿಂದಕ್ಕೆ ಒಯ್ಯುತ್ತೀರಿ. ಬರುತ್ತೀಯಾ ಎಂದು ಎಲ್ಲೂ ಕೇಳುವುದಿಲ್ಲ. ನಮ್ಮಲ್ಲಿ ನಿಖಾ ದಿನ ವಕೀಲರೆಂಬ ಹೆಣ್ಣಿನ ಕಡೆಯ ಹಿರಿಯರೂ ಸಾಕ್ಷಿಗಳೂ ಹೆಣ್ಣು ಕೂತಲ್ಲಿಗೇ ಹೋಗಿ ಒಪ್ಪಿಗೆ ಕೇಳುತ್ತಾರೆ. ಆಕೆ ಹೂಂ ಅನ್ನುವವರೆಗೆ ಹೊರಗೆ ಕೂತ ಗಂಡು, ಎಂಥ ಶೂರನಾದರೂ, ಮುಖ ಮುಚ್ಚುವ ಹೂವಿನ ಸೆಹರಾ ಕಟ್ಟಿಕೊಂಡು ಬೆವರುತ್ತಿರುವ ಒಬ್ಬ ಬಡಪಾಯಿ ಅಷ್ಟೆ. ತಮ್ಮ ಮದುವೆಯ ಅಧ್ಯಾಯದಲ್ಲಿ ಕಾಜಿ ಇದ್ದಾರೆ, ಆನೆ ಇದೆ, ಆ ಪ್ರಶ್ನೆ ಮಾತ್ರ ಇಲ್ಲ.

ಇದನ್ನು ಫೋನಿನಲ್ಲಿ ರುಮಾನಾಳಿಗೆ ಹೇಳಿದೆ. ಆಕೆ ಮದುವೆಯ ಅಧ್ಯಾಯದ ಪುಟ ಮಗುಚುವ ಸದ್ದು ಕೇಳಿಸಿತು. ಕೊನೆಗೆ, “ಹೌದಲ್ರಿ, ಕೇಳೇ ಇಲ್ಲ. ನೀವಾದ್ರೂ ಕೇಳ್ರಿ” ಎಂದಳು. ಕೇಳಿದೆ. ಹೂಂ ಎಂದಳು.

ಆದ್ದರಿಂದ, ದೂರನ್ನು ಹಿಂದಕ್ಕೆ ಪಡೆಯದೆಯೇ, ತಮ್ಮನ್ನು ನಮ್ಮ ನಿಖಾಗೆ ಆಹ್ವಾನಿಸುತ್ತಿದ್ದೇನೆ. ಬಂದು ಬಿರಿಯಾನಿ ಉಂಡು, ಒಬ್ಬರೇ ಹಿಂದಿರುಗಬೇಕಾಗಿ ಕೋರಿಕೆ.

ಸದ್ಯಕ್ಕೆ ಅಸೂಯೆ ಇಳಿದಿರುವ,
ತಮ್ಮ ವಿಶ್ವಾಸಿ,
ಇಜಾಜ್

ವಿ.ಸೂ.: ರುಮಾನಾಳ ಪುಸ್ತಕವನ್ನು ಈಗ ಆಕೆಯ ಅಕ್ಕ ಮಹೀನ್ ಓದಲು ಒಯ್ದಿದ್ದಾರೆ. ಅವರ ಯಜಮಾನರು ಅಶ್ಫಾಕ್ ಭಾಯ್, ಕೊಂಡಜ್ಜಿ ರಸ್ತೆಯಲ್ಲಿ ಮರ ಕೊಯ್ಯುವ ಸಾಮಿಲ್ ಇಟ್ಟಿದ್ದಾರೆ. ಅಸೂಯೆ ಬಂದರೆ ನನ್ನಂತೆ ಪತ್ರ ಬರೆಯುವ ಅಭ್ಯಾಸ ಅವರಿಗಿಲ್ಲ.